ಲಂಕೆಯ ಕೆರೆ, ನಮ್ಮ ಮದಕ: ದೊಡ್ಡ ಏರೋಪ್ಲೇನ್ ಚಿಟ್ಟೆಗಳ ಗುರುತು ಹಿಡಿಯುವುದು ಹೇಗೆ?

ಕೆರೆಯ ಮೇಲೆ, ಮೊಣಕಾಲಿನಿಂದ ಎದೆಯೆತ್ತರದಲ್ಲಿ, ಹೋದ ದಾರಿಯಲ್ಲೇ ವಾಪಸ್ ಬರುತ್ತಾ ಗಸ್ತು ತಿರುಗುವ ದೊಡ್ಡ ಏರೋಪ್ಲೇನ್ ಚಿಟ್ಟೆಯನ್ನು ನೋಡದ ಕೃಷಿಕರಿಲ್ಲ. ಹೆಸರು ಕೇಳಿದರೆ ಮಾತ್ರ ನಾವೆಲ್ಲ ಒಂದೇ ಉತ್ತರ ಕೊಡುತ್ತೇವೆ - 'ದೊಡ್ಡ ಜಾತಿದು'. ಆದರೆ ದೊಡ್ಡ ಜಾತಿಯಲ್ಲೂ ಹಲವು ಜಾತಿ ಇದೆ. ಒಂದಕ್ಕೆ ಬಿಸಿಲ ಕೆರೆ ಬೇಕು, ಇನ್ನೊಂದಕ್ಕೆ ಹರಿಯುವ ತೋಡು. ಮತ್ತೊಂದಕ್ಕೆ ಕಾಡಿನ ನೆರಳಿನ ಹೊಂಡ ಸಾಕು. ಯಾವುದು ಬಂದಿದೆ ಎಂದು ತಿಳಿದರೆ ನಮ್ಮ ನೀರಿನ ಸ್ಥಿತಿ ಏನು ಎನ್ನುವುದೂ ಅರ್ಧ ತಿಳಿದ ಹಾಗೆ.

ಗುರುತು ಹಿಡಿಯುವ ಪಾಠಕ್ಕೆ ಶ್ರೀಲಂಕಾ ಒಳ್ಳೆಯ ಜಾಗ. ದ್ವೀಪ ಚಿಕ್ಕದು, ಸುಮಾರು 65,600 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಪಾಲು ಅನ್ನಿ. ಆದರೆ ಸಮುದ್ರ ತೀರದಿಂದ ಹೊರಟರೆ 2,524 ಮೀಟರ್ ಎತ್ತರದ ಪಿದುರುತಲಗಲ ಬೆಟ್ಟದ ತನಕ ಎಲ್ಲ ಬಗೆಯ ನೀರೂ ಸಿಗುತ್ತದೆ. ಉತ್ತರ ಮತ್ತು ಪೂರ್ವದ ಒಣ ಸೀಮೆಯಲ್ಲಿ ಸಾವಿರಾರು ಕೆರೆ, ನೈಋತ್ಯದಲ್ಲಿ ನಮ್ಮ ಕರಾವಳಿಯಂತೆ ಮಳೆ ಮತ್ತು ತೋಡು, ನಡುವೆ ತಂಪು ಬೆಟ್ಟ. ಅಡಿಕೆ, ತೆಂಗು, ಕರಿಮೆಣಸು, ಭತ್ತ - ಬೆಳೆಯೂ ನಮ್ಮದೇ. ಮೇಯಿಂದ ಸುರುವಾಗುವ ಬೆಳೆಗೆ ಅವರು 'ಯಲ' ಎನ್ನುತ್ತಾರೆ, ಹಿಂಗಾರಿನದ್ದಕ್ಕೆ 'ಮಹ'. ನಮ್ಮ ಏಣೆಲು, ಸುಗ್ಗಿ ಇದ್ದ ಹಾಗೆ.

ಇನ್ನೊಂದು ಕಾರಣವೂ ಇದೆ. ಲಂಕೆಯಲ್ಲಿ ಏರೋಪ್ಲೇನ್ ಚಿಟ್ಟೆ ಮತ್ತು ಅದರ ಸಪೂರ ನೆಂಟರು ಸೇರಿ ಸುಮಾರು 130 ಜಾತಿ. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಜಾತಿಗಳು ಲೋಕದಲ್ಲಿ ಬೇರೆಲ್ಲೂ ಇಲ್ಲ. ಆದರೆ ಹಾಗೆ ಅಲ್ಲಿಗೇ ಸೀಮಿತವಾದವು ಹೆಚ್ಚಾಗಿ ಕಾಡುತೋಡಿನ ನೆರಳು ಬಿಡದ ಸಣ್ಣ ಜಾತಿಗಳು. ನಾನು ಇಲ್ಲಿ ಹೇಳಹೊರಟ ದೊಡ್ಡವು ಪಾಕ್ ಕೊಲ್ಲಿಯ ಈಚೆಗೂ ಇವೆ. ಅಲ್ಲಿನ ಪಾಠ ಕಲಿತರೆ ನಮ್ಮ ತೋಟದ ಹುಳವನ್ನೂ ಗುರುತಿಸಲು ಬರುತ್ತದೆ.

ಹೆಸರಿನ ಗೊಂದಲ

ನಾವು 'ಚಿಟ್ಟೆ' ಎಂದರೂ ಇದಕ್ಕೂ ಪಾತರಗಿತ್ತಿಗೂ ನೆಂಟಸ್ತಿಕೆ ಇಲ್ಲ. ತಮಿಳಿನಲ್ಲಿ ಇದು 'ತುಂಬಿ'. ನಮಗೆ ತುಂಬಿ ಎಂದರೆ ಬಿದಿರು, ಮರ ಕೊರೆಯುವ ಕರಿ ದುಂಬಿ. ಸಿಂಹಳದಲ್ಲಿ 'ಬತ್‌ಕೂರಾ' ಎನ್ನುತ್ತಾರೆ. ದೊಡ್ಡ ಗಸ್ತುಗಾರರ ಕುಟುಂಬಕ್ಕೆ ವಿಜ್ಞಾನಿಗಳ ಹೆಸರು 'ಈಶ್ನಿಡೇ'. ಹಾರುತ್ತಲೇ ಬೇಟೆ, ಹಾರುತ್ತಲೇ ಊಟ, ಕೂರುವುದು ಅಪರೂಪ. ಇಲ್ಲಿ ನಾನು ಇವನ್ನು 'ಗಸ್ತು ಚಿಟ್ಟೆ' ಎಂದೇ ಕರೆಯುತ್ತೇನೆ. ಪುಸ್ತಕದ ಹೆಸರು ಬಾಯಿಗೆ ಬರದಿದ್ದರೆ ಬೇಸರ ಬೇಡ, ಗುರುತು ಗೊತ್ತಾದರೆ ಸಾಕು.

ಮೊದಲು ಕುಟುಂಬ, ಮತ್ತೆ ಜಾತಿ

ಎದುರಿಗೆ ಇರುವುದು ಗಸ್ತು ಚಿಟ್ಟೆಯೇ ಹೌದೋ ಅಲ್ಲವೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ನಾಲ್ಕು ಗುರುತು ನೋಡಿ.

1. ಗಾತ್ರ. ತಲೆಯಿಂದ ಬಾಲದ ತುದಿಗೆ ಸುಮಾರು 6ರಿಂದ 8 ಸೆಂಟಿಮೀಟರ್. ಗಂಡಸಿನ ನಡುಬೆರಳಿನಷ್ಟು ಉದ್ದ.

2. ಕಣ್ಣು. ಎರಡು ದೊಡ್ಡ ಕಣ್ಣುಗಳು ನಡುನೆತ್ತಿಯಲ್ಲಿ ಉದ್ದನೆಯ ಗೆರೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎದುರಿಂದ ನೋಡಿದರೆ ತಲೆಯೆಲ್ಲ ಕಣ್ಣೇ.

3. ಕೂರುವ ಭಂಗಿ. ಕೂತರೆ ಬಾವಲಿಯ ಹಾಗೆ ನೇತಾಡುತ್ತದೆ. ಬಾಲ ಕೆಳಗೆ, ಕಾಲು ಮೇಲಿನ ಕಡ್ಡಿಗೆ. ಕಡ್ಡಿಯ ತುದಿಯಲ್ಲಿ ಅಡ್ಡಕ್ಕೆ ಕೂತದ್ದಾದರೆ ಅದು ಬೇರೆ ಕುಟುಂಬ.

4. ಮೊಟ್ಟೆ ಇಡುವ ಕ್ರಮ. ಹೆಣ್ಣಿನ ಬಾಲದ ತುದಿಯ ಅಡಿಯಲ್ಲಿ ಸಣ್ಣ ಕತ್ತಿಯಂಥ ಅಂಗ ಇದೆ. ಅದರಿಂದ ಗಿಡದ ದಂಟನ್ನೋ ಒದ್ದೆ ಮಣ್ಣನ್ನೋ ಸೀಳಿ ಮೊಟ್ಟೆ ತೂರಿಸುತ್ತದೆ. ಬಾಲದ ತುದಿಯಿಂದ ನೀರನ್ನು ಟಪ್ ಟಪ್ ಎಂದು ಬಡಿಯುತ್ತಾ ಹೋಗುವುದು ಇದಲ್ಲ.

ಮೋಸ ಮಾಡುವ ಮೂವರು

ಕೆರೆ ನಡುವಿನ ಗೂಟದ ತುದಿಯಲ್ಲಿ ಕೂತ ಹಳದಿ-ಕಪ್ಪು ಪಟ್ಟೆಯ ದೊಡ್ಡ ಚಿಟ್ಟೆ 'ಇಕ್ಟಿನೊಗೊಂಫಸ್ ರೇಪಾಕ್ಸ್'. ಲಂಕೆಯಲ್ಲೂ ನಮ್ಮಲ್ಲೂ ಧಾರಾಳ. ಅದರ ಎರಡು ಕಣ್ಣುಗಳ ನಡುವೆ ಅಂತರ ಇರುತ್ತದೆ. ಬಾಲದ ತುದಿ ಹತ್ತಿರ ಎರಡು ಬದಿಗೂ ಎಲೆಯಂಥ ಸಣ್ಣ ರೆಕ್ಕೆ. ಇದು ಗಸ್ತು ಚಿಟ್ಟೆ ಅಲ್ಲ.

ಎರಡನೆಯದು 'ಎಪೊಫ್ತಾಲ್ಮಿಯ ವಿಟ್ಟಾಟಾ'. ಕಂದು ಮೈ, ಎದೆಗೂ ಬಾಲಕ್ಕೂ ಹಳದಿ ಪಟ್ಟೆ, ಹೊಳೆಯುವ ಹಸಿರು ಕಣ್ಣು. ಕೆರೆ ಬದಿಯಲ್ಲಿ ಇದೂ ಗಸ್ತು ತಿರುಗುತ್ತದೆ, ಇದೂ ನೇತಾಡುತ್ತದೆ. ಹಾಗಾಗಿ ಪಳಗಿದವರೂ ತಪ್ಪುವುದುಂಟು. ಆದರೆ ಇದರ ಕಣ್ಣುಗಳು ನೆತ್ತಿಯಲ್ಲಿ ಸ್ವಲ್ಪವೇ ತಾಗುತ್ತವೆ, ಉದ್ದ ಗೆರೆ ಇಲ್ಲ. ಹೆಣ್ಣು ನೀರು ಬಡಿದೇ ಮೊಟ್ಟೆ ಇಡುತ್ತದೆ.

ಮೂರನೆಯದು ಮಳೆಗಾಲದ ಕೊನೆಗೆ ಅಂಗಳದ ಮೇಲೆ ಹಿಂಡು ಹಿಂಡಾಗಿ ಹಾರುವ ಬಂಗಾರ ಬಣ್ಣದ್ದು, 'ಪಾಂಟಲ ಫ್ಲಾವೆಸೆನ್ಸ್'. ಗಾತ್ರ ನಾಲ್ಕೂವರೆ, ಐದು ಸೆಂಟಿಮೀಟರ್ ಅಷ್ಟೆ. ಹತ್ತಿಪ್ಪತ್ತು ಒಟ್ಟಿಗೆ ಕಂಡರೆ ಅದು ಇದೇ ಎನ್ನಲು ಅಡ್ಡಿಯಿಲ್ಲ.

ಹಗಲಿನ ನಾಲ್ವರು

ಇನ್ನು ಜಾತಿ ನೋಡುವ. ಹಗಲಲ್ಲಿ ಹಾರುವ 'ಅನಾಕ್ಸ್' ಗುಂಪಿನಲ್ಲಿ ನಾಲ್ಕು ಮುಖ್ಯ.

ಅನಾಕ್ಸ್ ಗಟ್ಟಾಟಸ್: ಲಂಕೆಯ ತಗ್ಗು ಸೀಮೆಯ ಕೆರೆಗಳ ರಾಜ. ಎದೆ ಪೂರ್ತಿ ಹಸಿರು, ಒಂದು ಪಟ್ಟೆಯೂ ಇಲ್ಲ. ಬಾಲದ ಬುಡ ಉಬ್ಬಿಕೊಂಡಿದ್ದು, ಅಲ್ಲಿ ಕಣ್ಣು ಕೋರೈಸುವ ತಿಳಿನೀಲಿ. ಮತ್ತೆ ಉದ್ದಕ್ಕೆ ಕಪ್ಪುಕಂದು ಬಾಲ, ಅದರ ಮೇಲೆ ಬಿಡಿ ಬಿಡಿಯಾಗಿ ಕಿತ್ತಳೆ-ಹಳದಿ ಚುಕ್ಕೆ. 'ಗಟ್ಟಾಟಸ್' ಎಂದರೆ ಹನಿ ಹನಿ ಚುಕ್ಕೆ ಇರುವುದು ಎಂದೇ ಅರ್ಥ. ಗಂಡಿನ ಹಿಂದಿನ ರೆಕ್ಕೆಯ ನಡುವೆ ಜೇನಿನ ಬಣ್ಣದ ಛಾಯೆ. ಮಟಮಟ ಮಧ್ಯಾಹ್ನ, ಬೇರೆ ಹುಳಗಳೆಲ್ಲ ನೆರಳು ಹುಡುಕುವಾಗ ಇದರ ಗಸ್ತು ಜೋರು. ಹೆಣ್ಣು ಒಂಟಿಯಾಗಿ ಬಂದು ನೀರಲ್ಲಿ ತೇಲುವ ಗಿಡದ ಮೇಲೆ ಕೂತು, ಬಾಲವನ್ನು ನೀರಿಗೆ ಬಗ್ಗಿಸಿ ದಂಟಿಗೆ ಮೊಟ್ಟೆ ತೂರಿಸುತ್ತದೆ.

ಅನಾಕ್ಸ್ ಇಂಡಿಕಸ್: ಗಟ್ಟಾಟಸ್‌ನ ತಮ್ಮನಂತಿದೆ. ಸ್ವಲ್ಪ ಚಿಕ್ಕದು. ಅದೇ ಹಸಿರು ಎದೆ, ಅದೇ ನೀಲಿ ಸೊಂಟ. ವ್ಯತ್ಯಾಸ ಎರಡು ಕಡೆ. ಒಂದು, ಹಣೆಯ ಮೇಲ್ಭಾಗದಲ್ಲಿ ಮುಕ್ಕೋನದ ಕಪ್ಪು ಗುರುತು. ಗಟ್ಟಾಟಸ್‌ನ ಹಣೆಯಲ್ಲಿ ಅದು ಇಲ್ಲ. ಎರಡು, ಬಾಲದ ಕೊನೆಯ ಗಂಟುಗಳಲ್ಲಿ ಚುಕ್ಕೆಗಳು ದೊಡ್ಡದಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಈ ಎರಡನ್ನು ವಿಜ್ಞಾನಿಗಳೇ ಬಹುಕಾಲ ಒಂದೆಂದು ತಿಳಿದಿದ್ದರು. ಸೇನೆಯ ವೈದ್ಯರಾಗಿದ್ದು ಕೊಡಗಿನಲ್ಲೂ ತುಂಬ ಓಡಾಡಿದ ಎಫ್. ಸಿ. ಫ್ರೇಸರ್ ಭಾರತ, ಸಿಲೋನ್ ಮತ್ತು ಬರ್ಮಾಗಳ ಏರೋಪ್ಲೇನ್ ಚಿಟ್ಟೆಗಳ ಮೇಲೆ ಮೂರು ದೊಡ್ಡ ಸಂಪುಟ ಬರೆದವರು. ಗಸ್ತು ಚಿಟ್ಟೆಗಳು ಇರುವ ಸಂಪುಟ ಬಂದದ್ದು 1936ರಲ್ಲಿ. ಇಂಡಿಕಸ್‌ಗೆ ಬೇರೆ ಹೆಸರು ಸಿಕ್ಕಿದ್ದು 1942ರಲ್ಲಿ, ಲೀಫ್ಟಿಂಕ್ ಅವರಿಂದ. ಹಾಗಾಗಿ ಹಳೇ ಪುಸ್ತಕ ಹಿಡಿದು ಹುಡುಕಿದರೆ ಇಂಡಿಕಸ್ ಸಿಗುವುದೇ ಇಲ್ಲ.

ಅನಾಕ್ಸ್ ಇಮ್ಯಾಕ್ಯುಲಿಫ್ರಾನ್ಸ್: ಇದು ತೋಡಿನ ಯಜಮಾನ. ಎದೆ ತಿಳಿ ನೀಲಿ-ಹಸಿರು, ಬದಿಗಳಲ್ಲಿ ದಪ್ಪ ಕಪ್ಪು ಪಟ್ಟೆ. ಪಟ್ಟೆ ಕಂಡಿತೋ, ಮೇಲಿನ ಎರಡನ್ನೂ ಬಿಟ್ಟುಬಿಡಿ. ಕಣ್ಣು ನೀಲಿ. ಬಾಲ ಕಪ್ಪು, ಅದರ ಮೇಲೆ ಕೆಂಗಂದು ಗುರುತು. ರೆಕ್ಕೆಯಲ್ಲೂ ಕಂದು ಛಾಯೆ. ಬಿಸಿಲಿಗೆ ತಿರುಗಿದಾಗ ಇಡೀ ಚಿಟ್ಟೆ ಬೆಂಕಿ ಬಣ್ಣಕ್ಕೆ ಕಾಣುತ್ತದೆ. ಬೆಟ್ಟದ ಇಳಿಜಾರಿನ, ಕಲ್ಲುಗಳ ನಡುವೆ ಹರಿಯುವ ತೋಡಿನ ನೆತ್ತಿಯಲ್ಲೇ ನೀರಿಗೆ ಹತ್ತಿರವಾಗಿ ಮೇಲೆ ಕೆಳಗೆ ಓಡಾಡುತ್ತದೆ. ಲಂಕೆಯಲ್ಲಿ ಗುಡ್ಡಗಾಡಿನ ತೊರೆಗಳಲ್ಲಿ, ನಮ್ಮಲ್ಲಿ ಘಟ್ಟದ ಬುಡದ ತೋಡುಗಳಲ್ಲಿ ನೋಡಬಹುದು.

ಅನಾಕ್ಸ್ ಎಫಿಪ್ಪಿಗರ್: ಪರದೇಶಿ. ಹಸಿರು ಇಲ್ಲ, ಮೈಯೆಲ್ಲ ಒಣ ಹುಲ್ಲಿನ ಹಾಗೆ ಕಂದು. ಕಣ್ಣೂ ಕಂದು. ಗಂಡಿಗೆ ಬಾಲದ ಬುಡದ ಮೇಲ್ಬದಿಯಲ್ಲಿ ಮಾತ್ರ ನೀಲಿ, ಕುದುರೆಯ ಜೀನು ಹಾಕಿದಂತೆ. ಹೆಸರಿನ ಅರ್ಥವೂ ಜೀನು ಹೊತ್ತದ್ದು ಎಂದೇ. ಗಂಡು ಹೆಣ್ಣು ಜೋಡಿಯಾಗಿ ಹಿಡಿದುಕೊಂಡೇ ಮೊಟ್ಟೆ ಇಡುವುದು ಇದರ ಅಭ್ಯಾಸ. ಮಳೆ ಬಂದು ನಿಂತ ಹೊಂಡದಲ್ಲಿ ಬೇಗ ಬೇಗ ಬೆಳೆದು, ನೀರು ಒಣಗುವ ಮೊದಲು ಹಾರಿಹೋಗುತ್ತದೆ. ಇದು ಐಸ್‌ಲ್ಯಾಂಡ್ ತನಕ ಹೋಗಿ ಮುಟ್ಟಿದ ದಾಖಲೆ ಇದೆ!

ಸಂಜೆಯ ಇಬ್ಬರು

ದೀಪ ಹಚ್ಚುವ ಹೊತ್ತಿಗೆ ಜಗಲಿಯ ಬಲ್ಬಿಗೆ ಬಂದು ಗೋಡೆಗೆ ಪಟಪಟನೆ ಬಡಿಯುವ ದೊಡ್ಡ ಕಂದು ಚಿಟ್ಟೆ ಹೆಚ್ಚಿನಂಶ 'ಗೈನಕಾಂತ ದ್ರವಿಡ'. ಮಕ್ಕಳು ಹೆದರುತ್ತಾರೆ, ಆದರೆ ಇದಕ್ಕೆ ಕೊಂಡಿ ಇಲ್ಲ, ವಿಷವೂ ಇಲ್ಲ. ಕಂದು-ಹಸಿರು ಮಾಸಲು ಮೈ, ತಲೆಗಿಂತ ದೊಡ್ಡದೋ ಎಂಬಂಥ ಕಣ್ಣು. ಖಚಿತ ಗುರುತು ಸೊಂಟ. ಬಾಲದ ಮೂರನೇ ಗಂಟು ಹಿಸುಕಿದ ಹಾಗೆ ಸಪೂರ. ಅನಾಕ್ಸ್‌ಗಳಲ್ಲಿ ಇಷ್ಟು ಸಪೂರ ಸೊಂಟ ಇಲ್ಲ. ಹೆಣ್ಣಿನ ಬಾಲದ ತುದಿಯ ಅಡಿಗೆ ಎರಡು ಮುಳ್ಳಿನ ಕವೆಯಿದೆ. ಹಗಲೆಲ್ಲ ಕಾಡು, ತೋಟದ ಕತ್ತಲ ಮೂಲೆಯಲ್ಲಿ ನೇತಾಡಿಕೊಂಡಿದ್ದು, ಮುಸ್ಸಂಜೆ ಮತ್ತು ನಸುಕಿನಲ್ಲಿ ಸೊಳ್ಳೆ, ಪತಂಗ ಹಿಡಿಯಲು ಹೊರಡುತ್ತದೆ. ಈ ಗುಂಪಿನವು ನೆರಳಿನ ಹೊಂಡಗಳ ಅಂಚಿನ ಒದ್ದೆ ಮಣ್ಣಿಗೂ ಮೊಟ್ಟೆ ತೂರಿಸುತ್ತವೆ. ಮಳೆ ಬಂದು ಹೊಂಡ ತುಂಬಿದಾಗ ಮರಿಗಳಿಗೆ ಜೀವನ.

ಇನ್ನೊಂದು ಸಂಜೆಯದ್ದು 'ಅನಸಿಯೇಶ್ನ' ಗುಂಪು. ಲಂಕೆಯ ಎತ್ತರದ ಬೆಟ್ಟಗಳಲ್ಲೂ ನಮ್ಮ ಪಶ್ಚಿಮಘಟ್ಟದ ಎತ್ತರದಲ್ಲೂ ಸಿಗುತ್ತದೆ. ಕಂದು ಎದೆ, ಅದರ ಒಂದೊಂದು ಬದಿಗೂ ಎರಡೆರಡು ಅಗಲದ ಹಳದಿ-ಹಸಿರು ಪಟ್ಟೆ. ಜವುಗು ಹುಲ್ಲಿನ ಮೇಲೆ ಹೊತ್ತು ಕಂತುವಾಗ ಹಾರಾಟ.

ಒಂದೇ ನೋಟಕ್ಕೆ

ಹಸಿರು ಎದೆ, ನೀಲಿ ಸೊಂಟ, ಹಣೆ ಸ್ವಚ್ಛ - ಗಟ್ಟಾಟಸ್.
ಹಸಿರು ಎದೆ, ನೀಲಿ ಸೊಂಟ, ಹಣೆಯಲ್ಲಿ ಕಪ್ಪು ಮುಕ್ಕೋನ - ಇಂಡಿಕಸ್.
ಎದೆಯಲ್ಲಿ ಕಪ್ಪು ಪಟ್ಟೆ, ಬೆಂಕಿ ಬಣ್ಣ, ಹರಿಯುವ ತೋಡು - ಇಮ್ಯಾಕ್ಯುಲಿಫ್ರಾನ್ಸ್.
ಕಂದು ಮೈ, ನೀಲಿ ಜೀನು, ಬಯಲು - ಎಫಿಪ್ಪಿಗರ್.
ಸಪೂರ ಸೊಂಟ, ಮುಸ್ಸಂಜೆ, ದೀಪದ ಹತ್ತಿರ - ಗೈನಕಾಂತ.
ಕಂದು ಎದೆಗೆ ಎರಡು ಹಳದಿ-ಹಸಿರು ಪಟ್ಟೆ, ಬೆಟ್ಟ, ಮುಸ್ಸಂಜೆ - ಅನಸಿಯೇಶ್ನ.

ಹಿಡಿದು ಕೊಲ್ಲುವ ಅಗತ್ಯ ಖಂಡಿತ ಇಲ್ಲ. ಮೊಬೈಲಿನಲ್ಲಿ ಮೂರು ಚಿತ್ರ ತೆಗೆದರೆ ಸಾಕು - ಹಣೆ, ಎದೆಯ ಬದಿ, ಬಾಲದ ತುದಿ. ಹಾರುವಾಗ ಸಿಗದಿದ್ದರೆ ಬೆಳಿಗ್ಗೆ ಬೇಗ ಹೋಗಿ, ಮೈ ಬಿಸಿಯಾಗುವ ಮೊದಲು ನೇತಾಡಿಕೊಂಡೇ ಇರುತ್ತದೆ. ಕೆ. ಎ. ಸುಬ್ರಮಣಿಯನ್ ಬರೆದ ದಕ್ಷಿಣ ಭಾರತದ ಕೈಪಿಡಿ 2005ರಲ್ಲಿ ಬೆಂಗಳೂರಿನಿಂದಲೇ ಬಂದಿದೆ. ಲಂಕೆಯದ್ದು ಬೇಕಾದರೆ ಟೆರೆನ್ಸ್ ಡಿ ಫೊನ್ಸೇಕ ಅವರ ಪುಸ್ತಕ 2000ದಲ್ಲಿ, ಬೆಡ್ಜಾನಿಚ್ ಮತ್ತು ಸಂಗಡಿಗರದ್ದು 2014ರಲ್ಲಿ ಪ್ರಕಟವಾಗಿದೆ.

ಸಮುದ್ರ ದಾಟುವ ದಾರಿ

ಮಾಲ್ಡೀವ್ಸ್ ದ್ವೀಪಗಳಲ್ಲಿ ಮೇಲ್ನೀರು ನಿಲ್ಲುವ ಕೆರೆ-ತೋಡು ಇಲ್ಲವೆಂದೇ ಹೇಳಬಹುದು. ಆದರೂ ಪ್ರತಿ ವರ್ಷ ಅಕ್ಟೋಬರ್‌ನಿಂದ ಅಲ್ಲಿ ಏರೋಪ್ಲೇನ್ ಚಿಟ್ಟೆಗಳು ಲೆಕ್ಕವಿಲ್ಲದಷ್ಟು ಬಂದಿಳಿಯುತ್ತವೆ. ಅಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞರು ವರ್ಷಗಟ್ಟಲೆ ದಿನಾಂಕ ಬರೆದಿಟ್ಟು, ಇವು ಭಾರತದ ಕಡೆಯಿಂದ ಬಂದು, ಗಾಳಿಯ ಬೆನ್ನೇರಿ ಆಫ್ರಿಕಾದತ್ತ ಹೋಗುತ್ತವೆ ಎಂದು 2009ರಲ್ಲಿ ಬರೆದರು. ಬರುವುದರಲ್ಲಿ ಬಹುಪಾಲು ಬಂಗಾರ ಬಣ್ಣದ ಪಾಂಟಲ. ಜೊತೆಗೆ ಗಟ್ಟಾಟಸ್, ಎಫಿಪ್ಪಿಗರ್ ಕೂಡಾ ಇರುತ್ತವೆ. ಅಂದರೆ ನಮ್ಮ ಗದ್ದೆ, ಕೆರೆಗಳಲ್ಲಿ ಹುಟ್ಟಿದ್ದು ಸಮುದ್ರದಾಚೆಯ ಊರಿಗೆ ಮುಟ್ಟುತ್ತದೆ. ನಮ್ಮ ನೀರು ಕೆಟ್ಟರೆ ಅದರ ಲೆಕ್ಕ ನಮ್ಮ ಊರಿನಲ್ಲೇ ಮುಗಿಯುವುದಿಲ್ಲ.

ಕೃಷಿಕರಿಗೆ ಇದರಿಂದ ಏನು?

ಗಸ್ತು ಚಿಟ್ಟೆಯ ಬಾಳಿನ ಹೆಚ್ಚು ಪಾಲು ನೀರಿನ ಅಡಿಯಲ್ಲೇ ಕಳೆಯುತ್ತದೆ. ಮರಿ ಉದ್ದನೆಯದು, ಬೆಳೆದಾಗ ಬೆರಳಿನ ಎರಡು ಗೆಣ್ಣಿನಷ್ಟು. ಗಲ್ಲದ ಅಡಿಗೆ ಮಡಚಿಟ್ಟ ಚಪ್ಪಟೆ ತುಟಿಯನ್ನು ಕೈಯ ಹಾಗೆ ಚಾಚಿ ಬೇಟೆ ಹಿಡಿಯುತ್ತದೆ. ಸೊಳ್ಳೆಮರಿ, ಗೊದಮೊಟ್ಟೆ, ಸಣ್ಣ ಮೀನು ಯಾವುದೂ ಆದೀತು. ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಕೊನೆಗೆ ರಾತ್ರಿ ಹೊತ್ತು ದಂಟು ಹತ್ತಿ ಬಂದು ಪೊರೆ ಬಿಟ್ಟು ಹಾರುತ್ತದೆ. ಆ ಖಾಲಿ ಪೊರೆ ದಂಟಿನಲ್ಲೇ ಉಳಿದಿರುತ್ತದೆ. ಕೆರೆ ಬದಿಯಲ್ಲಿ ಇಂಥ ಪೊರೆ ಕಂಡರೆ ಆ ಚಿಟ್ಟೆ ಅಲ್ಲೇ ಹುಟ್ಟಿ ಬೆಳೆದದ್ದು ಎನ್ನಲು ಬೇರೆ ಸಾಕ್ಷಿ ಬೇಡ. ಹಾರುವ ಚಿಟ್ಟೆ ಎಲ್ಲಿಂದಲೋ ಬಂದಿರಬಹುದು, ಪೊರೆ ಸುಳ್ಳು ಹೇಳುವುದಿಲ್ಲ.

ಉಪಕಾರ ಎಷ್ಟು? ಇದನ್ನು ನಂಬಿ ಭತ್ತದ ಕಾಂಡಕೊರಕದ ಚಿಂತೆ ಬಿಡಿ ಎಂದು ನಾನು ಹೇಳಲಾರೆ. ಸಿಕ್ಕಿದ್ದನ್ನು ತಿನ್ನುವ ಹುಳ ಇದು, ಬೆಳೆಯ ಶತ್ರು ಯಾರು ಮಿತ್ರ ಯಾರು ಎಂದು ನೋಡುವುದಿಲ್ಲ. ಹಾರುವ ಜೇನ್ನೊಣವನ್ನೂ ಹಿಡಿಯುತ್ತದೆ. ಮೀನುಮರಿ ಬೆಳೆಸುವವರಿಗೆ ಇದರ ಮರಿ ನಿಜವಾದ ಉಪದ್ರ. ಎಣ್ಣೆ-ಸೋಪಿನ ದ್ರಾವಣ ಹರಡಿದರೆ ಉಸಿರಿಗೆ ಮೇಲೆ ಬರುವ ಹುಳಗಳು ಸಾಯುತ್ತವೆ, ಇದು ನೀರೊಳಗೇ ಉಸಿರಾಡುವ ಕಾರಣ ಬದುಕಿಕೊಳ್ಳುತ್ತದೆ. ಬಲೆ ಎಳೆದು ತೆಗೆಯುವುದೇ ದಾರಿ. ಬೆರಳುದ್ದ ಬೆಳೆದ ಮೀನಿಗೆ ಇದರ ಭಯ ಕಡಿಮೆ.

ಆದರೆ ಸೊಳ್ಳೆಯ ಲೆಕ್ಕ ಬೇರೆ. ಬರ್ಮಾದ ಯಾಂಗೋನ್ ನಗರದಲ್ಲಿ ಇದೇ ವರ್ಗದ ಬೇರೆ ಒಂದು ಜಾತಿಯ ಮರಿಗಳನ್ನು ಮನೆಗಳ ನೀರಿನ ಪಾತ್ರೆಗೆ ಬಿಟ್ಟು ಡೆಂಗಿ ಸೊಳ್ಳೆಯನ್ನು ಇಳಿಸಿದ ಪ್ರಯೋಗ 1990ರಲ್ಲಿ ಪ್ರಕಟವಾಗಿದೆ. ಕೆರೆ, ಗದ್ದೆಗಳಲ್ಲಿ ಈ ಕೆಲಸ ನಮಗೆ ಪುಕ್ಕಟೆ ನಡೆಯುತ್ತಿದೆ.

ಮದ್ದು, ಹುಲ್ಲು, ಪ್ಲಾಸ್ಟಿಕ್

ಶ್ರೀಲಂಕಾದ ಬತಲಗೊಡ ಎಂಬಲ್ಲಿ ನೀರಾವರಿ ಗದ್ದೆಗಳ ಜೀವಿಗಳನ್ನೆಲ್ಲ ಲೆಕ್ಕ ಮಾಡಿ 2004ರಲ್ಲಿ ವರದಿ ಮಾಡಿದರು. ಬೆನ್ನೆಲುಬಿಲ್ಲದ ಜೀವಿಗಳೇ 494 ಜಾತಿ, ಬೆನ್ನೆಲುಬಿನವು 103. ಭತ್ತದ ಗದ್ದೆ ಬರೀ ಭತ್ತದ್ದಲ್ಲ ಎನ್ನಲು ಇಷ್ಟು ಸಾಲದೇ?

ಅಲ್ಲಿನ ಹಳೇ ಕೆರೆಗಳಿಗೆ ಅಂಗಾಂಗ ಇದೆ. ನೀರು ಬರುವ ಮೇಲ್ಬದಿಯಲ್ಲಿ 'ಗಸ್‌ಗೊಮ್ಮನ' ಎಂಬ ಮರಗಳ ಪಟ್ಟಿ, ಮಣ್ಣು ಸೋಸುವ 'ಪೆರಹನ' ಎಂಬ ಹುಲ್ಲಿನ ಪಟ್ಟಿ, ಏರಿಯ ಕೆಳಗೆ 'ಕಟ್ಟಕಡುವ' ಎಂಬ ಪೊದೆ. ಒಂದರ ಕೆಳಗೊಂದು ಸರಪಣಿಯಾಗಿ ಕಟ್ಟಿದ ಈ ಕೆರೆ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರನ್ನು ಸೋಸಲಿಕ್ಕೆಂದು ಬಿಟ್ಟ ಹುಲ್ಲೇ ಗಸ್ತು ಚಿಟ್ಟೆಗೆ ಮೊಟ್ಟೆಯ ಗೂಡು, ಪೊರೆ ಬಿಡುವ ಏಣಿ, ರಾತ್ರಿಯ ಮನೆ. ಮರದ ಪಟ್ಟಿ ಹೋದರೆ ಸಂಜೆಯ ಗೈನಕಾಂತಕ್ಕೆ ಹಗಲು ಅಡಗಲು ಜಾಗವಿಲ್ಲ.

ನಮ್ಮ ಕಡೆ ಮದಕಗಳಿಗೆ ಮಣ್ಣು ತುಂಬಿತು. ಅದರ ಬದಲಿಗೆ ಪ್ಲಾಸ್ಟಿಕ್ ಹಾಸಿದ ಹೊಂಡ, ನೇರ ಗೋಡೆಯ ಕಾಂಕ್ರೀಟ್ ಟ್ಯಾಂಕಿ ಬಂತು. ನೀರೇನೋ ನಿಲ್ಲುತ್ತದೆ. ಆದರೆ ದಂಟು ಸೀಳಿ ಮೊಟ್ಟೆ ಇಡುವ ಜಾತಿಗೆ ಅಲ್ಲಿ ದಂಟೇ ಇಲ್ಲ, ಮರಿಗೆ ಹತ್ತಿ ಬರಲು ಮೆಟ್ಟಿಲೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಹೊಡೆತ ಮದ್ದಿನದ್ದು. ಜಪಾನಿನಲ್ಲಿ ಭತ್ತದ ಗದ್ದೆಯಲ್ಲೇ ಹುಟ್ಟುವ ಕೆಂಪು ಏರೋಪ್ಲೇನ್ ಚಿಟ್ಟೆ 1990ರ ದಶಕದ ಕೊನೆಯಿಂದ ಅನೇಕ ಕಡೆ ತೀರಾ ಕಡಿಮೆಯಾಯಿತು. ಸಸಿ ತಟ್ಟೆಗೆ ಹಾಕುವ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಇದಕ್ಕೆ ಮುಖ್ಯ ಕಾರಣಗಳೆಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ಈ ಎರಡೂ ಹೆಸರು ನಮ್ಮ ಪೇಟೆಯ ಮದ್ದಿನ ಅಂಗಡಿಗೂ ಹೊಸತಲ್ಲ.

ಮಾಡಬಹುದಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ.

- ಕೆರೆ ಹೂಳೆತ್ತುವಾಗ ಒಂದು ಬದಿಯ ಹುಲ್ಲು, ಆಪು ಹಾಗೇ ಬಿಡಿ. ಮುಂದಿನ ವರ್ಷ ಇನ್ನೊಂದು ಬದಿ.
- ಪ್ಲಾಸ್ಟಿಕ್ ಹೊಂಡಕ್ಕೆ ಒಂದು ಮೂಲೆಯಲ್ಲಿ ಒರಟು ಹಗ್ಗವನ್ನೋ ಅಡಿಕೆ ಸಲಕೆಯನ್ನೋ ಇಳಿಬಿಡಿ. ಚಿಟ್ಟೆಯ ಮರಿ ಮಾತ್ರವಲ್ಲ, ಬಿದ್ದ ಕಪ್ಪೆ, ಓತಿಯೂ ಹತ್ತಿ ಬಂದೀತು. ಕುಂಡದಲ್ಲಿ ನೀರುಗಿಡ ಇಟ್ಟರೆ ಇನ್ನೂ ಒಳ್ಳೆಯದು.
- ಮದ್ದಿನ ಕ್ಯಾನು, ಪಂಪು ತೊಳೆದ ನೀರು ತೋಡಿಗೆ ಬೇಡ.
- ತೋಡಿನ ಬದಿಯ ಮರ, ಪೊದೆಗಳನ್ನು ಪೂರಾ ಸವರಬೇಡಿ.
- ಚೆನ್ನಾಗಿರುವ ಕೆರೆಗೆ ಹೊರಗಿನ ಗ್ಯಾಂಬೂಸಿಯಾ ಮೀನು ತಂದು ಬಿಡಬೇಡಿ. ಸೊಳ್ಳೆಮರಿ ತಿನ್ನುವ ಇತರ ಜೀವಿಗಳ ಎಳೆಮರಿಗಳನ್ನೂ ಅದು ನುಂಗುತ್ತದೆ.

ಒಂದು ನೋಟ್ ಪುಸ್ತಕ ಇಡಿ. ತಿಂಗಳಿಗೊಂದು ಸಲ, ಬಿಸಿಲಿರುವ ದಿನ ಅರ್ಧ ಗಂಟೆ ಕೆರೆ ಬದಿ, ಅರ್ಧ ಗಂಟೆ ತೋಡಿನ ಬದಿ ನಿಂತು ಯಾವ ಗಸ್ತು ಚಿಟ್ಟೆ ಎಷ್ಟು ಕಂಡಿತು ಎಂದು ಬರೆಯಿರಿ. ಸಂಜೆ ದೀಪಕ್ಕೆ ಬಂದದ್ದನ್ನೂ ಸೇರಿಸಿ. ಮಳೆ ಲೆಕ್ಕ ಬರೆದಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ, ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆದರಾಯಿತು. ಮೂರು ವರ್ಷ ಕಳೆದ ಮೇಲೆ ತೋಡಿನ ಇಮ್ಯಾಕ್ಯುಲಿಫ್ರಾನ್ಸ್ ಸಾಲು ಖಾಲಿಯಾಗುತ್ತಾ ಬಂದಿದ್ದರೆ, ಮೇಲಿನ ಗುಡ್ಡದಲ್ಲಿ ಏನಾಗುತ್ತಿದೆ ಎಂದು ನೋಡಿಕೊಂಡು ಬರಲು ಅದು ಸಾಕಷ್ಟು ಕಾರಣ.